ಗಣಿಯಾಳದ ಸೊನ್ನೆ

ಇಂದಿರಾನಗರದ ನನ್ನ ಬಾಡಿಗೆ ಕೋಣೆಯಿಂದ ಹಳೇ ಮದ್ರಾಸ್ ರಸ್ತೆಗೆ ಹತ್ತು ನಿಮಿಷದ ನಡಿಗೆ. ಅದೇ ರಸ್ತೆ ಕೆ.ಆರ್. ಪುರ ದಾಟಿ ಕೋಲಾರದ ಕಡೆ ಹೋಗುತ್ತದೆ. ನನ್ನ ಪಿಎಚ್.ಡಿ. ವಿಷಯದ ಹಿರಿಯರು ಆ ದಿಕ್ಕಿನಲ್ಲೇ, ಕೆ.ಜಿ.ಎಫ್‌ನ ಚಿನ್ನದ ಗಣಿಯೊಳಗೆ ಕೆಲಸ ಮಾಡಿದ್ದರೆಂದು ನನಗೆ ತಿಳಿದದ್ದು ತಡವಾಗಿ.

1960ರ ದಶಕದ ಆರಂಭದಲ್ಲಿ ಟಿಐಎಫ್‌ಆರ್ ವಿಜ್ಞಾನಿಗಳು ಅಲ್ಲಿ ಆಳಕ್ಕಿಳಿಯುತ್ತ ಕಾಸ್ಮಿಕ್ ಕಿರಣಗಳ ಮ್ಯೂವಾನ್‌ಗಳನ್ನು ಎಣಿಸಿದರು. ತೀರಾ ಆಳದಲ್ಲಿ ವಾರಗಟ್ಟಲೆ ಕಾದರೂ ಒಂದೂ ಬರಲಿಲ್ಲ. ಆ ಸೊನ್ನೆಯೇ ಸುಳಿವಾಯಿತು: ಇಷ್ಟು ನಿಶ್ಶಬ್ದ ಜಾಗದಲ್ಲಿ ನ್ಯೂಟ್ರಿನೊದ ಗುರುತು ಸಿಗಬಹುದು. ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳೊಡನೆ ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ ಉಪಕರಣ ಹೂಡಿದರು. ಪ್ಲಾಸ್ಟಿಕ್ ಸಿಂಟಿಲೇಟರ್ ಮಿನುಗಿದರೆ ಫೋಟೊಮಲ್ಟಿಪ್ಲೈಯರ್ ಅದನ್ನು ಹಿಡಿಯುತ್ತಿತ್ತು. ನಿಯಾನ್ ಟ್ಯೂಬುಗಳು ಬೆಳಗಿ ಕಣದ ದಾರಿ ಫೋಟೊದಲ್ಲಿ ಉಳಿಯುತ್ತಿತ್ತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಸಿಕ್ಕ ವರದಿ 1965ರ ಆಗಸ್ಟಿನಲ್ಲಿ ಪ್ರಕಟವಾಯಿತು. ಸಿಕ್ಕಿದ್ದು ಬೆರಳೆಣಿಕೆಯಷ್ಟು. ಎಂ.ಜಿ.ಕೆ. ಮೆನನ್ ಜೊತೆ ಆ ತಂಡದಲ್ಲಿದ್ದ ಬಿ.ವಿ. ಶ್ರೀಕಂಠನ್ ನಮ್ಮ ನಂಜನಗೂಡಿನವರು!

ಈಗಿನ ಡಿಟೆಕ್ಟರುಗಳಲ್ಲಿ ಒಂದು ಎಂಇವಿ ಶಕ್ತಿಗೇ ಸುಮಾರು 10,000 ಫೋಟಾನ್ ಹೊಮ್ಮುತ್ತವೆ. ಪ್ರತಿಯೊಂದೂ ಎಲ್ಲಿ ಚದುರಿತು, ಯಾವ ಟ್ಯೂಬಿಗೆ ತಾಗಿತು ಎಂದು ಕಂಪ್ಯೂಟರಿನಲ್ಲಿ ಬೆನ್ನುಹತ್ತುವುದೇ ನನ್ನ ಕೆಲಸ. ಒಂದರ ದಾರಿ ಇನ್ನೊಂದಕ್ಕೆ ಸಂಬಂಧಿಸಿದ್ದಲ್ಲ. ಹಾಗಾಗಿ ವಿಡಿಯೊ ಗೇಮಿಗೆಂದು ಹುಟ್ಟಿದ ಜಿಪಿಯು ಸಾವಿರಾರು ಫೋಟಾನ್‌ಗಳನ್ನು ಒಟ್ಟಿಗೇ ಓಡಿಸಬಲ್ಲದು. ಚೀನಾದ ಜೂನೊ ಪ್ರಯೋಗಕ್ಕಾಗಿ ಬೆಳೆದ ಆಪ್ಟಿಕ್ಸ್ ತಂತ್ರಾಂಶ, ಸಿಪಿಯುವಿನ ಒಂದೇ ತ್ರೆಡ್ಡಿಗೆ ಹೋಲಿಸಿದರೆ ಸಾವಿರಕ್ಕೂ ಹೆಚ್ಚು ಪಟ್ಟು ವೇಗ ಸಾಧಿಸಿದೆ.

ವೇಗದ ಹುಚ್ಚು ನನಗೂ ಹತ್ತಿತ್ತು. ಲೆಕ್ಕವನ್ನು 64 ಬಿಟ್‌ನಿಂದ 32 ಬಿಟ್‌ಗೆ ಇಳಿಸಿದೆ. ಗ್ರಾಫುಗಳು ಚೆಂದ ಬಂದವು. ಪ್ರಬಂಧದ ಒಂದು ಅಧ್ಯಾಯವೇ ಮುಗಿಯಿತು. ಕೆ.ಜಿ.ಎಫ್‌ನ ಆ ಸೊನ್ನೆಯ ಕಥೆ ಓದಿದ ರಾತ್ರಿ ಒಂದು ಪರೀಕ್ಷೆ ಹೊಳೆಯಿತು. ತೊಟ್ಟಿಯ ಗೋಡೆಯನ್ನು ಪೂರ್ತಿ ಕಪ್ಪು ಮಾಡಿ, ಆಚೆ ಬಂದ ಫೋಟಾನ್‌ಗಳನ್ನು ಎಣಿಸಿದೆ. ಸೊನ್ನೆ ಬರಬೇಕಿತ್ತು. ಬರಲಿಲ್ಲ. ಎರಡು ಮೇಲ್ಮೈ ಕೂಡುವ ಅಂಚಿನಲ್ಲಿ, ದಶಮಾಂಶದ ಕೊನೆಯ ಅಂಕಿಗಳು ಕಳೆದುಹೋದ ಕಡೆ, ಬೆಳಕು ಸೋರುತ್ತಿತ್ತು.

ಗಣಿ 2001ರಲ್ಲಿ ಮುಚ್ಚಿತು. ನಾನು ಗಡಿಯ ಲೆಕ್ಕವನ್ನಷ್ಟೇ ಮತ್ತೆ 64 ಬಿಟ್‌ಗೆ ಏರಿಸಿದ್ದೇನೆ. ವೇಗ ಇಳಿದಿದೆ, ಆಚೆ ಕಡೆ ಸೊನ್ನೆ ಬರುತ್ತಿದೆ. ಎರಡು ತಿಂಗಳ ಲೆಕ್ಕವನ್ನೆಲ್ಲ ಮೊದಲಿನಿಂದ ಓಡಿಸಬೇಕು. ಆ ಅಧ್ಯಾಯವನ್ನು ನಮ್ಮ ಗೈಡ್ ಹತ್ತಿರ ವಾಪಸ್ ಕೇಳಿದ್ದೇನೆ.