ಹಿಮದಲ್ಲಿ ಉಳಿದ ಬರ, ಕಾವೇರಿಯಲ್ಲಿ ಏರಿದ ನೀರು

ಶ್ರೀರಂಗಪಟ್ಟಣಕ್ಕೆ ಹೋದವರು ರಂಗನಾಥನ ದರ್ಶನ ಮಾಡಿ, ದರಿಯಾ ದೌಲತ್ತಿನ ಗೋಡೆಚಿತ್ರಗಳನ್ನು ನೋಡಿ, ಸಂಗಮದಲ್ಲಿ ಕಾಲು ತೋಯಿಸಿಕೊಂಡು ಮರಳುತ್ತಾರೆ. ಮುಂದಿನ ಸಲ ನೀವು ಹೋದಾಗ ಹೊಳೆಯ ದಂಡೆಯಲ್ಲಿ ಒಂದು ಗಳಿಗೆ ನಿಂತು 1791ನೆಯ ಇಸವಿಯ ಮೇ ತಿಂಗಳನ್ನು ನೆನೆಯಿರಿ.

ಆ ತಿಂಗಳ 15ರಂದು ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿದ ಲಾರ್ಡ್ ಕಾರ್ನ್‌ವಾಲಿಸನಿಗೆ ಪಟ್ಟಣವು ಕೈಗೆ ಸಿಕ್ಕಂತೆಯೇ ಕಂಡಿರಬೇಕು. ಆದರೆ ಮಳೆ ಮುಂಚಿತವಾಗಿ ಹಿಡಿಯಿತು. ಕಾವೇರಿ ಏರಿತು. ಮೇವಿಲ್ಲದೆ, ರೋಗ ತಗುಲಿ, ದಂಡಿನ ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆಯಲು ಎತ್ತಿಲ್ಲದ ಮೇಲೆ ತೋಪುಗಳಿಂದೇನು ಫಲ? ಕನ್ನಂಬಾಡಿಯ ಬಳಿ ತನ್ನ ಭಾರಿ ತೋಪುಗಳನ್ನು ತಾನೇ ಹಾಳುಗೆಡವಿಸಿ ಆತ ಬೆಂಗಳೂರಿನತ್ತ ಹಿಂತಿರುಗಿದ. ಮುಂದೆ ವಿಶ್ವೇಶ್ವರಯ್ಯನವರ ಕಾಲದಲ್ಲಿ ಕಟ್ಟೆ ಎದ್ದದ್ದೂ ಆ ಕನ್ನಂಬಾಡಿಯಲ್ಲಿಯೇ.

ಇನ್ನು ಹಿಮಾಲಯಕ್ಕೆ ಬನ್ನಿ. ಟಿಬೆಟ್ಟಿನಲ್ಲಿ ದಾಸುವೊಪು ಎಂಬ ಹಿಮನದಿಯುಂಟು. ಎತ್ತರ ಸುಮಾರು 7,200 ಮೀಟರ್. 1997ರಲ್ಲಿ ಅಮೆರಿಕದ ಲಾನಿ ಥಾಂಪ್ಸನ್ನರೂ ಅವರ ಸಂಗಡಿಗರೂ ಅಲ್ಲಿ ಕೊಳವೆ ಇಳಿಸಿ ಮಂಜಿನ ಉದ್ದನೆಯ ಕಂಬಗಳನ್ನು ತೆಗೆದರು. ವರ್ಷಕ್ಕೊಂದರಂತೆ ಬಿದ್ದ ಹಿಮದ ಪದರಗಳು ಅದರಲ್ಲಿ ಮರದೊಳಗಿನ ಬಳೆಗಳಂತೆ ಉಳಿದಿರುತ್ತವೆ. ಮುಂಗಾರು ಸೊರಗಿದ ವರ್ಷ ಹಿಮ ಕಡಮೆ, ಬಯಲಿನಿಂದೆದ್ದ ಧೂಳು ಹೆಚ್ಚು. ಈ ಧೂಳೂ ಅದರ ಜೊತೆಗೆ ಬಂದ ಕ್ಲೋರೈಡೂ ಸೇರಿ ಅತ್ಯಂತ ಗಾಢವಾಗಿ ಕಂಡದ್ದು ಯಾವ ಪದರಗಳಲ್ಲಿ ಬಲ್ಲಿರಾ? 1790ರಿಂದ 1796ರವರೆಗಿನವುಗಳಲ್ಲಿ! ದಖನಿನಲ್ಲಿ ಹೂಳುವವರಿಲ್ಲದ ತಲೆಬುರುಡೆಗಳಿಂದ ಹೆಸರಾದ ಡೋಗಿ ಬರದ ಕಾಲವದು. ನಮ್ಮ ಅಜ್ಜಂದಿರ ಅಜ್ಜಂದಿರು ಕಂಡ 1876ರ ಕ್ಷಾಮದ ಗುರುತೂ ಅಲ್ಲಿದೆ.

ಹಿಮವು ಬರವೆನ್ನುತ್ತದೆ, ಕಾವೇರಿಯೋ ಕಾರ್ನ್‌ವಾಲಿಸನನ್ನು ತಡೆದಳು. ಯಾರನ್ನು ನಂಬುವುದು? ಇಬ್ಬರನ್ನೂ ನಂಬಬಹುದೆಂದು ನನ್ನೆಣಿಕೆ. ಹಿಮದ ಸಾಕ್ಷ್ಯವು ವಿಶಾಲವಾದ ಸೀಮೆಯ ಹಲವು ವರ್ಷಗಳದು. ಹೊಳೆಯದು ಕೆಲವು ದಿನಗಳದು, ಅದರಲ್ಲಿಯೂ ಕೊಡಗಿನ ಮಳೆಯದು. ಶಾಂತ ಸಾಗರ ಕಾದಾಗ ನಮ್ಮ ಮುಂಗಾರು ಸೊರಗುವುದನ್ನು ಗಣಕಯಂತ್ರಗಳಲ್ಲಿ ಲೆಕ್ಕಹಾಕಿ ತೋರಿಸುತ್ತಾರೆ, ನಿಜ. ಆದರೆ ಒಂದು ತಾಲ್ಲೂಕಿನ ಒಂದು ವಾರದ ಮಳೆ ಅಂಥ ಲೆಕ್ಕಕ್ಕೆ ಸುಲಭವಾಗಿ ಸಿಕ್ಕದು. ಇನ್ನೊಂದು ಮಾತು: ಶತ್ರುವಿಗೆ ಸಿಕ್ಕಬಾರದೆಂದು ದಾರಿಯ ಮೇವು ಸುಟ್ಟಿತ್ತು, ಉಳಿದುದನ್ನು ದಂಡುಗಳು ತಿಂದಿದ್ದವು. ರೈತನ ಆ ಹಸಿವಿನ ಗುರುತು ಯಾವ ಹಿಮದಲ್ಲಿಯೂ ಇಲ್ಲ.

1799ರ ಮೇ 4ರ ಮಧ್ಯಾಹ್ನ ಹೊಳೆ ಬತ್ತಿತ್ತು. ಆಂಗ್ಲರ ಸೈನ್ಯ ಬಂಡೆಗಳ ನಡುವೆ ಹಾದು ಕೋಟೆ ಹತ್ತಿತು; ಟಿಪ್ಪು ಮಡಿದ. ಆ ಕಾಲದ ಗಾಳಿಯೇ ದಕ್ಷಿಣ ಧ್ರುವದ ಮಂಜಿನೊಳಗೆ ಗುಳ್ಳೆಗಳಾಗಿ ಇಂದಿಗೂ ಸೆರೆಯಲ್ಲಿದೆ. ಅಳೆದು ನೋಡಿದ್ದಾರೆ: ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಂಗಾಲಾಮ್ಲ ಸುಮಾರು 280 ಭಾಗ. ದಂಡೆಯ ಮೇಲೆ ನಿಂತು ನೀವು ಈಗ ಉಸಿರಾಡುವ ಗಾಳಿಯಲ್ಲಿ ಅದು 420ನ್ನು ದಾಟಿದೆ.