ಅಮೆರಿಕದಲ್ಲಿರುವ ಪತಿ ಅಥವಾ ಪತ್ನಿಯನ್ನು ಸೇರಲು ವಲಸೆ ವೀಸಾ: ವಿವಾಹ ನೋಂದಣಿಯಿಂದ ಕಾನ್ಸುಲೇಟ್ ಸಂದರ್ಶನದವರೆಗೆ

ಸಾರ್ವಜನಿಕರ ಮಾಹಿತಿಗಾಗಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿರುವವರನ್ನು ವಿವಾಹವಾಗಿ, ಅಲ್ಲಿಗೆ ಕಾಯಂ ಆಗಿ ತೆರಳಲಿಚ್ಛಿಸುವ ರಾಜ್ಯದ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ವೀಸಾ ಮಂಜೂರು ಮಾಡುವ ಅಥವಾ ನಿರಾಕರಿಸುವ ಅಧಿಕಾರವು ಸಂಪೂರ್ಣವಾಗಿ ಅಮೆರಿಕ ಸರ್ಕಾರದ್ದಾಗಿರುತ್ತದೆ. ಆದರೆ ಆ ಅರ್ಜಿಗೆ ಆಧಾರವಾಗುವ ವಿವಾಹ, ಜನನ ಮತ್ತು ಪೊಲೀಸ್ ಪ್ರಮಾಣಪತ್ರಗಳನ್ನು ಇಲ್ಲಿಯೇ ಪಡೆಯಬೇಕಾಗುತ್ತದೆ. ಇವುಗಳಲ್ಲಿನ ಸಣ್ಣ ವ್ಯತ್ಯಾಸವೂ ದಂಪತಿಗಳು ಒಂದುಗೂಡುವುದನ್ನು ತಿಂಗಳುಗಟ್ಟಲೆ ಮುಂದೂಡಬಹುದಾದ್ದರಿಂದ, ಅರ್ಜಿದಾರರು ಆರಂಭದಲ್ಲಿಯೇ ಎಚ್ಚರ ವಹಿಸುವುದು ಸೂಕ್ತ.

1. ಯಾರಿಗೆ ಅನ್ವಯಿಸುತ್ತದೆ

ಪತಿ ಅಥವಾ ಪತ್ನಿಯು ಅಮೆರಿಕದ ಪೌರರಾಗಿದ್ದಲ್ಲಿ ಅರ್ಜಿದಾರರು ‘ನಿಕಟ ಸಂಬಂಧಿ’ ವರ್ಗಕ್ಕೆ ಸೇರುತ್ತಾರೆ. ಈ ವರ್ಗದ ವೀಸಾಗಳಿಗೆ ವಾರ್ಷಿಕ ಮಿತಿ ಇರುವುದಿಲ್ಲ. ಪತಿ ಅಥವಾ ಪತ್ನಿಯು ಗ್ರೀನ್ ಕಾರ್ಡ್ ಹೊಂದಿದವರಾಗಿದ್ದಲ್ಲಿ ಅರ್ಜಿಯು ಎಫ್2ಎ ವರ್ಗಕ್ಕೆ ಸೇರುತ್ತದೆ. ಇದಕ್ಕೆ ವಾರ್ಷಿಕ ಮಿತಿ ಇರುವುದರಿಂದ ಸರದಿಗಾಗಿ ಕಾಯಬೇಕಾಗುತ್ತದೆ. ಸರದಿಯ ವಿವರವನ್ನು ಅಮೆರಿಕದ ವಿದೇಶಾಂಗ ಇಲಾಖೆಯು ಪ್ರತಿ ತಿಂಗಳು ‘ವೀಸಾ ಬುಲೆಟಿನ್’ನಲ್ಲಿ ಪ್ರಕಟಿಸುತ್ತದೆ. ಗ್ರೀನ್ ಕಾರ್ಡ್ ಹೊಂದಿದವರು ಈ ಅವಧಿಯಲ್ಲಿ ಪೌರತ್ವ ಪಡೆದಲ್ಲಿ, ಅದನ್ನು ತಿಳಿಸಿ ಪತಿ ಅಥವಾ ಪತ್ನಿಯ ಅರ್ಜಿಯನ್ನು ನಿಕಟ ಸಂಬಂಧಿ ವರ್ಗಕ್ಕೆ ಬದಲಾಯಿಸಿಕೊಳ್ಳಬಹುದು.

ಎಚ್-1ಬಿ ವೀಸಾದಲ್ಲಿ ಉದ್ಯೋಗದಲ್ಲಿರುವವರ ಪತಿ ಅಥವಾ ಪತ್ನಿಯರಿಗೆ ಎಚ್-4 ಎಂಬ ತಾತ್ಕಾಲಿಕ ವೀಸಾ ದೊರೆಯುತ್ತದೆ. ಅದರ ವಿಧಾನವೇ ಬೇರೆಯಾಗಿದ್ದು, ಈ ಪುಟದ ಮಾಹಿತಿಯು ಅದಕ್ಕೆ ಅನ್ವಯಿಸುವುದಿಲ್ಲ.

2. ವಿವಾಹ ನೋಂದಣಿ

ಛತ್ರದ ರಶೀದಿ, ಲಗ್ನಪತ್ರಿಕೆ ಅಥವಾ ದೇವಸ್ಥಾನದ ಪತ್ರವು ವಿವಾಹ ಪ್ರಮಾಣಪತ್ರಕ್ಕೆ ಬದಲಿಯಾಗುವುದಿಲ್ಲ. ಎಲ್ಲಾ ವಿವಾಹಗಳನ್ನು ನೋಂದಾಯಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರ ಫೆಬ್ರವರಿಯಲ್ಲಿ ನಿರ್ದೇಶನ ನೀಡಿದೆ. ವಿವಾಹ ನೋಂದಣಿಗಾಗಿ ಕರ್ನಾಟಕದಲ್ಲಿ 1976ರ ಪ್ರತ್ಯೇಕ ಅಧಿನಿಯಮವೂ ಇದೆ.

ಅ) ಹಿಂದೂ ವಿವಾಹ ಅಧಿನಿಯಮ, 1955: ಈಗಾಗಲೇ ನೆರವೇರಿದ ವಿವಾಹವನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಬಹುದು. ವಯಸ್ಸು ಮತ್ತು ವಿಳಾಸದ ದಾಖಲೆ, ಲಗ್ನಪತ್ರಿಕೆ, ಮದುವೆಯ ಭಾವಚಿತ್ರ ಹಾಗೂ ಸಾಕ್ಷಿದಾರರು ಅಗತ್ಯ.

ಆ) ವಿಶೇಷ ವಿವಾಹ ಅಧಿನಿಯಮ, 1954: ಯಾವುದೇ ಧರ್ಮದವರು ಈ ಅಧಿನಿಯಮದಡಿ ವಿವಾಹವಾಗಬಹುದು. ನೋಟೀಸು ನೀಡುವ ಮುನ್ನ ವಧೂವರರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಾಗಿರಬೇಕು. ನೋಟೀಸು ಪ್ರಕಟವಾದ ನಂತರ ಆಕ್ಷೇಪಣೆಗಾಗಿ ಮತ್ತೆ 30 ದಿನಗಳ ಅವಧಿ ಇರುತ್ತದೆ. ಬೇರೆ ವಿಧಿಯಿಂದ ಈಗಾಗಲೇ ನಡೆದ ವಿವಾಹವನ್ನು ಇದೇ ಅಧಿನಿಯಮದ 15ನೇ ಪ್ರಕರಣದಡಿ ನೋಂದಾಯಿಸುವುದಾದರೆ, ಇಬ್ಬರೂ 21 ವರ್ಷ ಪೂರೈಸಿದವರಾಗಿದ್ದು, ಇಬ್ಬರೂ ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿರತಕ್ಕದ್ದು.

ಎರಡು ಮೂರು ವಾರಗಳ ರಜೆಯ ಮೇಲೆ ಬಂದು ವಿವಾಹವಾಗುವವರು ಈ ಕಾಲಾವಧಿಯನ್ನು ಗಮನಿಸದೆ, ನೋಂದಣಿಯಾಗುವ ಮೊದಲೇ ಹಿಂತಿರುಗಬೇಕಾದ ಪ್ರಸಂಗ ಬರಬಹುದು. ಆದುದರಿಂದ ಮುಹೂರ್ತ ನಿಶ್ಚಯವಾದ ಕೂಡಲೇ ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸಿ, ಯಾವ ಅಧಿನಿಯಮದಡಿ ನೋಂದಣಿ ಮಾಡಿಸುವುದೆಂದು ತೀರ್ಮಾನಿಸಿಕೊಳ್ಳಬೇಕು.

ಇಬ್ಬರಲ್ಲಿ ಯಾರಿಗಾದರೂ ಹಿಂದೆ ವಿವಾಹವಾಗಿದ್ದಲ್ಲಿ, ವಿಚ್ಛೇದನದ ನ್ಯಾಯಾಲಯ ಡಿಕ್ರಿ ಅಥವಾ ಮರಣ ಪ್ರಮಾಣಪತ್ರದ ದೃಢೀಕೃತ ಪ್ರತಿ ಇರಬೇಕು. ಪಂಚಾಯಿತಿಯಲ್ಲಿ ಅಥವಾ ಛಾಪಾ ಕಾಗದದ ಮೇಲೆ ಬರೆದುಕೊಂಡ ಬಿಡುಗಡೆ ಪತ್ರವನ್ನು ನಂಬಿ ಮುಂದುವರಿಯಬಾರದು.

3. ದಾಖಲೆಗಳಲ್ಲಿ ಹೆಸರು

ನಮ್ಮಲ್ಲಿ ಊರಿನ ಹೆಸರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಹೆಸರಿನೊಂದಿಗೆ ಬರೆಯುವುದು ವಾಡಿಕೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಸುಧಾ ಕೆ. ಆರ್.’ ಎಂದೂ, ಪಾಸ್‌ಪೋರ್ಟ್‌ನಲ್ಲಿ ಮೊದಲಕ್ಷರಗಳನ್ನು ಬಿಡಿಸಿಯೂ, ವಿವಾಹ ಪ್ರಮಾಣಪತ್ರದಲ್ಲಿ ಪತಿಯ ಹೆಸರಿನೊಂದಿಗೂ ಇದ್ದಲ್ಲಿ, ಮೂವರೂ ಒಬ್ಬರೇ ಎಂಬುದನ್ನು ವಿದೇಶದ ಅಧಿಕಾರಿಗೆ ತೋರಿಸಿಕೊಡಬೇಕಾಗುತ್ತದೆ. ವಿವಾಹ ನೋಂದಣಿಯ ಅರ್ಜಿಯಲ್ಲಿ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಹೆಸರು ಮತ್ತು ಜನ್ಮ ದಿನಾಂಕ ಬರೆಯುವುದು ಕ್ಷೇಮ. ವಿವಾಹಾನಂತರ ಪತ್ನಿಯು ಹೆಸರು ಬದಲಾಯಿಸಿಕೊಳ್ಳಲೇಬೇಕೆಂಬ ಕಾನೂನು ಇರುವುದಿಲ್ಲ.

ಜನನ ಪ್ರಮಾಣಪತ್ರ ಲಭ್ಯವಿಲ್ಲದಿದ್ದಲ್ಲಿ, ಜನನ ನೋಂದಣಿ ಪ್ರಾಧಿಕಾರದಿಂದ ಅಲಭ್ಯತಾ ಪ್ರಮಾಣಪತ್ರ ಪಡೆದು, ಅದರೊಂದಿಗೆ ಶಾಲಾ ದಾಖಲೆ ಮತ್ತು ಹಿರಿಯ ಸಂಬಂಧಿಕರ ಪ್ರಮಾಣಪತ್ರಿಕೆ ಒದಗಿಸಬೇಕು. ಕನ್ನಡದಲ್ಲಿರುವ ದಾಖಲೆಗಳಿಗೆ ಪೂರ್ಣ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ಅನುವಾದವು ಸರಿಯಾಗಿದೆಯೆಂದೂ, ತಾನು ಎರಡೂ ಭಾಷೆಗಳನ್ನು ಬಲ್ಲೆನೆಂದೂ ಅನುವಾದಕರು ಸಹಿ ಮಾಡಿ ದೃಢೀಕರಿಸಿರಬೇಕು.

4. ಅರ್ಜಿಯ ಹಂತಗಳು

ಮೊದಲನೆಯ ಹಂತ: ಅಮೆರಿಕದಲ್ಲಿರುವ ಪತಿ ಅಥವಾ ಪತ್ನಿಯು ಅಲ್ಲಿನ ಪೌರತ್ವ ಮತ್ತು ವಲಸೆ ಸೇವಾ ಇಲಾಖೆಗೆ ಐ-130 ನಮೂನೆಯಲ್ಲಿ ಮನವಿ ಸಲ್ಲಿಸಬೇಕು.

ಎರಡನೆಯ ಹಂತ: ಮನವಿ ಅಂಗೀಕಾರವಾದ ನಂತರ ಕಡತವು ಅಮೆರಿಕದ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಶುಲ್ಕ ಪಾವತಿಸಿ, ಇಲ್ಲಿರುವ ಅರ್ಜಿದಾರರು ಡಿಎಸ್-260 ಅರ್ಜಿಯನ್ನು ಆನ್‌ಲೈನ್ ಮೂಲಕ ಭರ್ತಿ ಮಾಡಬೇಕು. ಮನವಿದಾರರು ಐ-864 ಎಂಬ ಜೀವನಾಧಾರ ಪ್ರಮಾಣಪತ್ರ ಸಲ್ಲಿಸಬೇಕು. ಸಾಮಾನ್ಯವಾಗಿ ಅವರ ಆದಾಯವು ಅಮೆರಿಕ ಸರ್ಕಾರ ನಿಗದಿಪಡಿಸಿದ ಬಡತನ ಮಟ್ಟದ ಶೇಕಡಾ 125ಕ್ಕೆ ಕಡಿಮೆ ಇರಬಾರದು. ಕಡಿಮೆ ಇದ್ದಲ್ಲಿ ಜಂಟಿ ಹೊಣೆಗಾರರನ್ನು ಒದಗಿಸಬಹುದು.

ಮೂರನೆಯ ಹಂತ: 16 ವರ್ಷ ಮೇಲ್ಪಟ್ಟವರು ಪೊಲೀಸ್ ಪ್ರಮಾಣಪತ್ರ ಸಲ್ಲಿಸಬೇಕು. ಭಾರತಕ್ಕೆ ಸಂಬಂಧಿಸಿದಂತೆ ಇದನ್ನು ಪಾಸ್‌ಪೋರ್ಟ್ ಸೇವಾ ವ್ಯವಸ್ಥೆಯ ಮೂಲಕ ಪಡೆಯಬೇಕು. ಬೇರೆ ದೇಶದಲ್ಲಿ 12 ತಿಂಗಳು ಅಥವಾ ಹೆಚ್ಚು ಕಾಲ ವಾಸವಾಗಿದ್ದಲ್ಲಿ ಆ ದೇಶದ ಪ್ರಮಾಣಪತ್ರವೂ ಬೇಕಾಗುತ್ತದೆ.

ನಾಲ್ಕನೆಯ ಹಂತ: ದಾಖಲೆಗಳು ಪೂರ್ಣವಾದ ನಂತರ ಸಂದರ್ಶನದ ದಿನಾಂಕ ನಿಗದಿಯಾಗುತ್ತದೆ. ಅದಕ್ಕೂ ಮುನ್ನ ಕಾನ್ಸುಲೇಟ್ ಮಾನ್ಯ ಮಾಡಿದ ವೈದ್ಯರಿಂದಲೇ ವೈದ್ಯಕೀಯ ತಪಾಸಣೆ ಮಾಡಿಸಿಕೊಳ್ಳಬೇಕು. ಕುಟುಂಬದ ವೈದ್ಯರ ಪ್ರಮಾಣಪತ್ರ ಸ್ವೀಕಾರಾರ್ಹವಲ್ಲ. ಆದರೆ ಹಿಂದಿನ ಲಸಿಕೆಗಳ ದಾಖಲೆಯನ್ನು ಜೊತೆಗೆ ಒಯ್ಯಬೇಕು.

5. ಕಾನ್ಸುಲೇಟ್ ಸಂದರ್ಶನ

ಭಾರತದಲ್ಲಿ ದಾಂಪತ್ಯ ಆಧಾರಿತ ವಲಸೆ ವೀಸಾ ಸಂದರ್ಶನಗಳು ಸಾಮಾನ್ಯವಾಗಿ ಮುಂಬಯಿಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ಅಮೆರಿಕದ ಕಾನ್ಸುಲೇಟ್‌ನಲ್ಲಿ ನಡೆಯುತ್ತವೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಕಾನ್ಸುಲೇಟ್ ಉದ್ಘಾಟನೆಯಾದಾಗ ಅಲ್ಲಿ ವೀಸಾ ಸೇವೆ ಆರಂಭವಾಗಿರಲಿಲ್ಲ. ಸಂದರ್ಶನ ಪತ್ರದಲ್ಲಿ ನಮೂದಿಸಿದ ಸ್ಥಳವನ್ನು ನೋಡಿಕೊಂಡೇ ಪ್ರಯಾಣದ ವ್ಯವಸ್ಥೆ ಮಾಡಿಕೊಳ್ಳಬೇಕು.

ಆನ್‌ಲೈನ್‌ನಲ್ಲಿ ಸಲ್ಲಿಸಿದ ಎಲ್ಲಾ ದಾಖಲೆಗಳ ಮೂಲಪ್ರತಿಗಳನ್ನು ತರಬೇಕು. ಅಮೆರಿಕದಲ್ಲಿರುವ ಪತಿ ಅಥವಾ ಪತ್ನಿಯ ಹಾಜರಾತಿ ಕಡ್ಡಾಯವಲ್ಲ.

ವಿವಾಹವು ನೈಜವೇ ಎಂಬುದನ್ನು ಅರಿಯುವುದೇ ಸಂದರ್ಶನದ ಮುಖ್ಯ ಉದ್ದೇಶ. ಸಂಬಂಧವನ್ನು ಯಾರು ತಂದರು, ಮೊದಲು ಎಲ್ಲಿ ಭೇಟಿಯಾದಿರಿ, ಮದುವೆಗೆ ಯಾರು ಬಂದಿದ್ದರು, ಪತಿಯ ಉದ್ಯೋಗವೇನು, ಹಿಂದೆ ವಿವಾಹವಾಗಿತ್ತೇ ಎಂಬಂತಹ ಪ್ರಶ್ನೆಗಳನ್ನು ಕೇಳಬಹುದು. ಹಿರಿಯರು ನಿಶ್ಚಯಿಸಿದ ಮದುವೆ ಎಂದು ಹೇಳಲು ಸಂಕೋಚ ಬೇಡ. ಅದು ವೀಸಾ ನಿರಾಕರಣೆಗೆ ಕಾರಣವಲ್ಲ. ಮದುವೆಯ ಮತ್ತು ನಂತರದ ಭಾವಚಿತ್ರಗಳು, ದೂರವಾಣಿ ಕರೆಗಳ ವಿವರ, ಭೇಟಿಗೆ ಬಂದ ವಿಮಾನ ಟಿಕೆಟ್, ಹಣ ಕಳುಹಿಸಿದ ದಾಖಲೆಗಳನ್ನು ದಿನಾಂಕವಾರು ಜೋಡಿಸಿ ಇಟ್ಟುಕೊಳ್ಳಬೇಕು.

ಉತ್ತರಗಳನ್ನು ಬಾಯಿಪಾಠ ಮಾಡಬಾರದು. ತಿಳಿಯದಿದ್ದಲ್ಲಿ ತಿಳಿಯದು ಎನ್ನುವುದೇ ಸರಿ. ಇಂಗ್ಲಿಷ್‌ನಲ್ಲಿ ಮಾತನಾಡಲು ಕಷ್ಟವೆನಿಸುವವರು ಭಾಷೆಯ ಸೌಲಭ್ಯದ ಬಗ್ಗೆ ಮುಂಚಿತವಾಗಿ ವಿಚಾರಿಸಬೇಕು. ಮುಖ್ಯ ಸಂಗತಿಯನ್ನು ಮರೆಮಾಚಿ ಸುಳ್ಳು ಹೇಳಿದಲ್ಲಿ ಶಾಶ್ವತ ಅನರ್ಹತೆ ಉಂಟಾಗಬಹುದು. ವಲಸೆಗಾಗಿಯೇ ಮಾಡಿಕೊಂಡ ತೋರಿಕೆಯ ವಿವಾಹಕ್ಕೆ ಅಮೆರಿಕದ ಕಾನೂನಿನಲ್ಲಿ 5 ವರ್ಷಗಳವರೆಗೆ ಸೆರೆವಾಸ ಮತ್ತು 2,50,000 ಡಾಲರ್‌ವರೆಗೆ ದಂಡ ವಿಧಿಸಲು ಅವಕಾಶವಿದೆ.

6. ಸಂದರ್ಶನದ ನಂತರ

ಯಾವುದಾದರೂ ದಾಖಲೆ ಕೊರತೆಯಿದ್ದಲ್ಲಿ 221(ಜಿ) ಪತ್ರ ನೀಡಲಾಗುತ್ತದೆ. ಇದರಿಂದ ಪ್ರಕರಣ ಮುಗಿಯಿತೆಂದು ಎದೆಗುಂದಬೇಕಾಗಿಲ್ಲ. ಕೇಳಿದ ದಾಖಲೆಯನ್ನು ಒಂದು ವರ್ಷದೊಳಗೆ ಒದಗಿಸಬೇಕು. ತಪ್ಪಿದಲ್ಲಿ ಹೊಸದಾಗಿ ಅರ್ಜಿ ಮತ್ತು ಶುಲ್ಕ ಸಲ್ಲಿಸಬೇಕಾಗುತ್ತದೆ. ವೀಸಾ ಕೈಸೇರುವವರೆಗೆ ಉದ್ಯೋಗಕ್ಕೆ ರಾಜೀನಾಮೆ ನೀಡುವುದು, ಆಸ್ತಿ ಮಾರುವುದು ಅಥವಾ ರದ್ದುಪಡಿಸಲಾಗದ ಟಿಕೆಟ್ ಕೊಳ್ಳುವುದು ಬೇಡ.

ಅಮೆರಿಕ ಪ್ರವೇಶಿಸುವ ದಿನಕ್ಕೆ ಮದುವೆಯಾಗಿ 2 ವರ್ಷ ತುಂಬಿರದಿದ್ದಲ್ಲಿ, 2 ವರ್ಷಗಳ ಷರತ್ತುಬದ್ಧ ಕಾರ್ಡ್ ದೊರೆಯುತ್ತದೆ. ಅದರ ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ದಂಪತಿಗಳು ಜಂಟಿಯಾಗಿ ಐ-751 ಅರ್ಜಿ ಸಲ್ಲಿಸಬೇಕು.

7. ವಿದೇಶಕ್ಕೆ ತೆರಳುವ ಪತ್ನಿಯರ ಗಮನಕ್ಕೆ

ಮದುವೆಗೆ ಮುನ್ನವೇ ವರನ ಪೌರತ್ವ ಅಥವಾ ವೀಸಾ ದಾಖಲೆ, ಉದ್ಯೋಗ, ವಿಳಾಸ ಮತ್ತು ಹಿಂದಿನ ವಿವಾಹದ ವಿವರಗಳನ್ನು ಕುಟುಂಬದವರು ಪರಿಶೀಲಿಸಬೇಕು. ಪಾಸ್‌ಪೋರ್ಟ್, ವೀಸಾ ಮತ್ತು ವಿವಾಹ ಪ್ರಮಾಣಪತ್ರದ ಪ್ರತಿಗಳನ್ನು ತವರಿನಲ್ಲಿ ಒಂದು ಜೊತೆ ಇಟ್ಟು ಹೋಗಬೇಕು. ಮೂಲ ಪಾಸ್‌ಪೋರ್ಟ್ ತಮ್ಮ ವಶದಲ್ಲಿಯೇ ಇರಬೇಕು.

ಪತಿಯಿಂದ ಹಿಂಸೆ ಅನುಭವಿಸುವವರು ಕಾರ್ಡ್ ಕಳೆದುಕೊಳ್ಳುವ ಭಯದಿಂದ ಸುಮ್ಮನಿರಬೇಕಾಗಿಲ್ಲ. ಅಂತಹ ಸಂದರ್ಭದಲ್ಲಿ ಪತಿಯ ಸಹಿಯಿಲ್ಲದೆಯೇ ಐ-751 ಅರ್ಜಿ ಸಲ್ಲಿಸಲು ಅಮೆರಿಕದ ಕಾನೂನಿನಲ್ಲಿ ಅವಕಾಶವಿದೆ. ಅಲ್ಲಿನ ಕೌಟುಂಬಿಕ ಹಿಂಸೆ ಸಹಾಯವಾಣಿ 1-800-799-7233. ಪತಿ ತೊರೆದು ಹೋದ ಅಥವಾ ಇಲ್ಲಿಯೇ ಬಿಟ್ಟುಹೋದ ಪ್ರಕರಣಗಳಲ್ಲಿ ರಾಷ್ಟ್ರೀಯ ಮಹಿಳಾ ಆಯೋಗದ ಅನಿವಾಸಿ ಭಾರತೀಯ ಘಟಕಕ್ಕೆ ದೂರು ಸಲ್ಲಿಸಬಹುದು. ರಾಜ್ಯದಲ್ಲಿ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.

8. ಸೂಚನೆ

ವೀಸಾ ಕೊಡಿಸುವುದಾಗಿ ಹಣ ಕೇಳುವ ಮಧ್ಯವರ್ತಿಗಳನ್ನು ಸಾರ್ವಜನಿಕರು ನಂಬಬಾರದು. ಖಾಲಿ ನಮೂನೆಗಳಿಗೆ ಸಹಿ ಮಾಡಬಾರದು. ಶುಲ್ಕ ಮತ್ತು ನಿಯಮಗಳು ಬದಲಾಗುತ್ತಿರುವುದರಿಂದ, ಪ್ರತಿ ಹಂತದಲ್ಲಿಯೂ ಅಮೆರಿಕ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಈ ಪುಟದ ಮಾಹಿತಿಯು ಮಾರ್ಗದರ್ಶನಕ್ಕಾಗಿ ಮಾತ್ರ ಇದ್ದು, ಕಾನೂನು ಸಲಹೆಯಾಗಿರುವುದಿಲ್ಲ.