ಹಕೊಡಾಟೆ: ಜಲಸಂಧಿ ಬೆಳೆಸಿದ ಬಂದರು ನಗರ

ಜಪಾನಿನ ಉತ್ತರ ದ್ವೀಪವಾದ ಹೊಕ್ಕೈಡೊದ ದಕ್ಷಿಣ ಭಾಗದಲ್ಲಿರುವ ಬಂದರು ನಗರ ಹಕೊಡಾಟೆ. 2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ಸುಮಾರು 2.5 ಲಕ್ಷ. ಹೊಕ್ಕೈಡೊವನ್ನು ಮುಖ್ಯ ದ್ವೀಪ ಹೊನ್ಶುವಿನಿಂದ ಬೇರ್ಪಡಿಸುವ ತ್ಸುಗಾರು ಜಲಸಂಧಿಯೇ ಈ ನಗರದ ಏಳುಬೀಳುಗಳನ್ನು ನಿರ್ಧರಿಸುತ್ತ ಬಂದಿದೆ.

ಭೂಗೋಳ

334 ಮೀಟರ್ ಎತ್ತರದ ಹಕೊಡಾಟೆ ಬೆಟ್ಟವು ಒಂದು ಕಾಲದಲ್ಲಿ ಪ್ರತ್ಯೇಕ ದ್ವೀಪವಾಗಿತ್ತು. ಕಡಲು ತಂದು ಸುರಿದ ಮರಳು ಕ್ರಮೇಣ ಶೇಖರಗೊಂಡು ಅದನ್ನು ಹೊಕ್ಕೈಡೊದ ನೆಲಕ್ಕೆ ಜೋಡಿಸಿತು. ಹಳೆಯ ನಗರ ಬೆಳೆದದ್ದು ಈ ಕಿರಿದಾದ ಮರಳುಪಟ್ಟಿಯ ಮೇಲೆ. ಇರುಳಿನಲ್ಲಿ ಬೆಟ್ಟದಿಂದ ನೋಡಿದರೆ, ಎರಡೂ ಬದಿಯ ಕಡಲ ಕತ್ತಲೆಯ ನಡುವೆ ದೀಪಗಳ ಪಟ್ಟಿಯೊಂದು ಸೊಂಟದಂತೆ ಕಿರಿದಾಗಿ ಹೊಳೆಯುತ್ತದೆ. ಪ್ರವಾಸಿಗರನ್ನು ಸೆಳೆಯುವ ಮುಖ್ಯ ದೃಶ್ಯವಿದು.

ಕಡಲಗಾಳಿಗೆ ತೆರೆದುಕೊಂಡ ಈ ಮರದ ಮನೆಗಳ ಊರು ಪದೇ ಪದೇ ಅಗ್ನಿಗೆ ಆಹುತಿಯಾಗಿದೆ. 1934ರ ಮಾರ್ಚ್ 21ರಂದು ಬಿರುಗಾಳಿಯ ನಡುವೆ ಹಬ್ಬಿದ ಬೆಂಕಿಯಿಂದ 2 ಸಾವಿರಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅನಂತರ ಬೆಂಕಿ ಹರಡುವುದನ್ನು ತಡೆಯಲು ವಿಶಾಲವಾದ, ಮರಗಳ ಸಾಲುಳ್ಳ ರಸ್ತೆಗಳನ್ನು ನಿರ್ಮಿಸಲಾಯಿತು.

ಇತಿಹಾಸ

ನಗರದ ವ್ಯಾಪ್ತಿಯಲ್ಲಿರುವ ಓಫುನೆ ಮತ್ತು ಕಾಕಿನೊಶಿಮಾ ಎಂಬ ಜೋಮೊನ್ ಯುಗದ ನೆಲೆಗಳು 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆದರೆ ಹಕೊಡಾಟೆಯ ಹೆಸರು ಹೊರಜಗತ್ತಿಗೆ ಪರಿಚಿತವಾದದ್ದು 1854ರಲ್ಲಿ. ಅಮೆರಿಕದೊಂದಿಗೆ ಏರ್ಪಟ್ಟ ಕನಗಾವ ಒಪ್ಪಂದದಂತೆ ಆ ದೇಶದ ಹಡಗುಗಳಿಗೆ ತೆರೆಯಲಾದ ಎರಡು ಬಂದರುಗಳಲ್ಲಿ ಇದೂ ಒಂದು. 1859ರಲ್ಲಿ ಯೊಕೊಹಾಮಾ, ನಾಗಸಾಕಿಗಳ ಜೊತೆಗೆ ಇದು ವಿದೇಶಿ ವ್ಯಾಪಾರಕ್ಕೂ ಮುಕ್ತವಾಯಿತು. ಬೆಟ್ಟದ ತಪ್ಪಲಿನ ಚರ್ಚುಗಳು ಆ ಪರಂಪರೆಯ ಕುರುಹುಗಳಾಗಿವೆ.

ವಿದೇಶಿಯರ ಆಗಮನದ ಆತಂಕದಲ್ಲಿ ಕಟ್ಟಲಾದ ಗೊರ್ಯೊಕಾಕು ಕೋಟೆಯು ಐದು ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಆದರೆ ಅಲ್ಲಿ ನಡೆದದ್ದು ಅಂತರ್ಯುದ್ಧ. ತೊಕುಗಾವ ಆಡಳಿತ ಪತನಗೊಂಡ ಬಳಿಕ ಅದರ ನಿಷ್ಠರು ಎನೊಮೊಟೊ ತಕೆಯಾಕಿಯ ನೇತೃತ್ವದಲ್ಲಿ 1868ರಲ್ಲಿ ಈ ಕೋಟೆಯನ್ನು ವಶಪಡಿಸಿಕೊಂಡರು. 1869ರ ಜೂನ್‌ನಲ್ಲಿ ಅವರು ಶರಣಾಗುವುದರೊಂದಿಗೆ ಬೊಶಿನ್ ಯುದ್ಧ ಅಂತ್ಯಗೊಂಡಿತು.

ಹಡಗಿನಿಂದ ಸುರಂಗಕ್ಕೆ

1908ರಲ್ಲಿ ಹೊನ್ಶುವಿನ ಅಓಮೊರಿಗೂ ಹಕೊಡಾಟೆಗೂ ನಡುವೆ ರೈಲ್ವೆಯ ಹಡಗು ಸೇವೆ ಆರಂಭವಾಯಿತು. ಈ ನಗರ ಹೊಕ್ಕೈಡೊದ ಹೆಬ್ಬಾಗಿಲಾಯಿತು. 1954ರ ಸೆಪ್ಟೆಂಬರ್ 26ರಂದು ಚಂಡಮಾರುತಕ್ಕೆ ಸಿಲುಕಿ ಟೋಯಾ ಮಾರು ಹಡಗು ಹಕೊಡಾಟೆಯ ಬಳಿ ಮುಳುಗಿ, 1,100ಕ್ಕೂ ಹೆಚ್ಚು ಜನ ಅಸುನೀಗಿದರು. ಈ ದುರಂತವು ಸಮುದ್ರದಡಿಯ ಸುರಂಗದ ಯೋಜನೆಗೆ ಒತ್ತಾಸೆಯಾಯಿತು. 53.85 ಕಿ.ಮೀ. ಉದ್ದದ ಸೇಕನ್ ಸುರಂಗವು 1988ರ ಮಾರ್ಚ್ 13ರಂದು ಸಂಚಾರಕ್ಕೆ ತೆರೆಯಿತು. ಅಂದೇ ರೈಲ್ವೆಯ ನಿಯತ ಹಡಗು ಸೇವೆಯೂ ಕೊನೆಗೊಂಡಿತು.

2016ರಲ್ಲಿ ಶಿಂಕಾನ್ಸೆನ್ ಅತಿವೇಗದ ರೈಲು ಹೊಕ್ಕೈಡೊ ತಲುಪಿತಾದರೂ, ಅದರ ನಿಲ್ದಾಣವಿರುವುದು ಹಕೊಡಾಟೆಯಿಂದ ಸುಮಾರು 18 ಕಿ.ಮೀ. ದೂರದಲ್ಲಿ, ನೆರೆಯ ಹೊಕುಟೊ ನಗರದಲ್ಲಿ. 1980ರಲ್ಲಿ 3 ಲಕ್ಷ ಮೀರಿದ್ದ ಜನಸಂಖ್ಯೆ ಅನಂತರ ಇಳಿಮುಖವಾಗಿದೆ. ಇದಕ್ಕೆ ಸುರಂಗವೊಂದೇ ಕಾರಣವಲ್ಲ. ದೂರಸಮುದ್ರದ ಮೀನುಗಾರಿಕೆ ಕುಗ್ಗಿದ್ದು, ಯುವಜನರ ವಲಸೆ, ಜನನ ಪ್ರಮಾಣದ ಇಳಿಕೆ ಇವೂ ಸೇರಿವೆ. ಸುರಂಗದಿಂದ ಜಲಸಂಧಿಯ ಪ್ರಯಾಣ ಸುರಕ್ಷಿತವಾಯಿತು. ಆದರೆ ಪಯಣಿಗರೆಲ್ಲ ಇಳಿದು ಹತ್ತಲೇಬೇಕಾದ ಊರೆಂಬ ಸ್ಥಾನವನ್ನು ಹಕೊಡಾಟೆ ಕಳೆದುಕೊಂಡಿತು.